ಪಿಳ್ಳೆ ನೆವದ ಸಂದರ್ಶನ

ಇಂಗ್ಲೆಂಡಿನ ಲೆಸ್ಟರ್‌ಶೈರ್, ಗ್ಲಾಸ್ಟರ್‌ಶೈರ್ ಸೀಮೆಯ ಹಳ್ಳಿಗಳಲ್ಲಿ ಚಳಿಗಾಲದ ಶನಿವಾರ ಬೆಳಗಾಯಿತೆಂದರೆ ಪಬ್ಬಿನ ಮುಂದೆ ಕುದುರೆಗಳು ಸೇರುತ್ತವೆ. ಜೀನಿನ ಮೇಲೆ ಕೂತವರ ಕೈಗೆ ಪೋರ್ಟ್ ವೈನಿನ ಪುಟ್ಟ ಲೋಟ ಬರುತ್ತದೆ. ಕುದುರೆಗಳ ಕಾಲ ಸಂದಿಯಲ್ಲಿ ಬೇಟೆನಾಯಿಗಳು ಬಾಲ ಆಡಿಸುತ್ತಿರುತ್ತವೆ. ಅವನ್ನು ಎಣಿಸುವುದು ಜೋಡಿ ಲೆಕ್ಕದಲ್ಲಿ. 35 ನಾಯಿಗಳಿದ್ದರೆ ಹದಿನೇಳೂವರೆ ಜೋಡಿ. ಆ ಅರ್ಧ ಜೋಡಿಯ ಸಂಗಾತಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕ್ರಿಸ್‌ಮಸ್ಸಿನ ಮರುದಿನ, ಡಿಸೆಂಬರ್ 26ರಂದು, ನೋಡಲು ಬರುವ ಊರವರ ಗುಂಪು ಜಾತ್ರೆಯಷ್ಟಾಗುತ್ತದೆ. ಕಹಳೆ ಊದಿದ ಮೇಲೆ ಎಲ್ಲರೂ ಬೇಲಿ ಹಾರಿ ಹೊಲಗಳತ್ತ ಹೊರಡುತ್ತಾರೆ. ಈ ಚಂದದ ದೃಶ್ಯದಲ್ಲಿ ಇರುವ ತೊಡಕು ಒಂದೇ. ನಾಯಿಗಳ ಹಿಂಡು ಬಿಟ್ಟು ನರಿಯನ್ನು ಬೇಟೆಯಾಡುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2005ರ ಫೆಬ್ರವರಿ 18ರಿಂದ ಅಪರಾಧ. ಸ್ಕಾಟ್ಲೆಂಡ್ 2002ರಲ್ಲೇ ಕಾಯ್ದೆ ಮಾಡಿತ್ತು. ಅದರಲ್ಲಿ ತೂತುಗಳು ಹೆಚ್ಚಾದವೆಂದು 2023ರಲ್ಲಿ ಇನ್ನೊಂದು ಮಾಡಿತು. ಹಾಗಿದ್ದೂ ಕುದುರೆ, ನಾಯಿ, ಕಹಳೆ, ಕೆಂಪು ಕೋಟು ಒಂದೂ ಕಡಿಮೆಯಾಗದೆ ಇಪ್ಪತ್ತು ವರ್ಷ ನಡೆದುಬಂದಿದ್ದರೆ ಅದಕ್ಕೆ ಕಾರಣ ಒಂದು ಚಿಂದಿಬಟ್ಟೆ. ಬೇಟೆಕೂಟಗಳು ಸಂಪ್ರದಾಯದಂತೆ ಭಾನುವಾರ ಹೊರಡುವುದಿಲ್ಲ. ಆ ಬಿಡುವಿನಲ್ಲಿ, ನಾಯಿಮನೆಯ ಹಿಂದಿನ ಮೊಳೆಗೆ ನೇತುಬಿದ್ದಿದ್ದ ಚಿಂದಿಯವರು ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದರು.

ಪ್ರಶ್ನೆ: ನಿಮ್ಮ ಉದ್ಯೋಗವೇನು ಎಂಬುದನ್ನು ಮೊದಲು ಓದುಗರಿಗೆ ತಿಳಿಸಿಬಿಡಿ, ಚಿಂದಿಯವರೇ.

ಚಿಂದಿ: ನಾನು ಕಾನೂನುಬದ್ಧ ನರಿ, ಸ್ವಾಮಿ. ನರಿಯ ಮೂತ್ರದಲ್ಲಿ ನನ್ನನ್ನು ಅದ್ದಿ, ಹಗ್ಗದ ತುದಿಗೆ ಕಟ್ಟಿ, ಒಬ್ಬ ಸವಾರನೋ ನಾಲ್ಕು ಚಕ್ರದ ಬೈಕಿನವನೋ ಹೊಲದುದ್ದಕ್ಕೂ ಎಳೆದುಕೊಂಡು ಹೋಗುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ನಾಯಿಗಳು ಆ ಜಾಡು ಹಿಡಿದು ಬರುತ್ತವೆ, ಅವುಗಳ ಹಿಂದೆ ಕುದುರೆಗಳು. ನೆಲ ತೇವವಾಗಿದ್ದು ಗಾಳಿ ನೆಲಕ್ಕಿಂತ ಕೊಂಚ ತಣ್ಣಗಿದ್ದರೆ ವಾಸನೆ ಚೆನ್ನಾಗಿ ನಿಲ್ಲುತ್ತದೆ. ನೆಲ ಹೆಪ್ಪುಗಟ್ಟಿ ಕಲ್ಲಾದರೆ ಕುದುರೆಗಳ ಕಾಲಿಗೆ ಕುತ್ತೆಂದು ಎಲ್ಲರಿಗೂ ರಜೆ. ಜಾಡು ಮುಗಿದಲ್ಲಿ ಯಾರೂ ಸಾಯುವುದಿಲ್ಲ. ಕಾಗದದ ಮೇಲೆ ನನ್ನ ಕೆಲಸ ಇಷ್ಟೇ. ತಮಾಷೆ ಎಂದರೆ 2004ರ ಬೇಟೆ ಕಾಯ್ದೆಯಲ್ಲಿ ನನ್ನ ಹೆಸರು ಎಲ್ಲೂ ಇಲ್ಲ. ಅದನ್ನು ಬರೆದವರಿಗೆ ನಾನು ಹೊಳೆದಿರಲಿಲ್ಲ. ಕಾಯ್ದೆ ಬಂತು, ಬೆನ್ನಿಗೇ ನಾನು ಹುಟ್ಟಿದೆ.

ಪ್ರಶ್ನೆ: ನೀವು ಹುಟ್ಟುವ ಮೊದಲು ನಿಮ್ಮ ಮಾಲೀಕರು ಹೇಳುತ್ತಿದ್ದ ಕಾರಣವೇ ಬೇರೆ. ನರಿ ಕೋಳಿ ಕದಿಯುತ್ತದೆ, ಕುರಿಮರಿ ಹೊತ್ತೊಯ್ಯುತ್ತದೆ, ಆದ್ದರಿಂದ ನಾವು ಮಾಡುವುದು ರೈತರ ಸೇವೆ ಎನ್ನುತ್ತಿದ್ದರು. ಚರಿತ್ರೆಯ ಆರಂಭದಲ್ಲಿ ಈ ಮಾತು ನಿಜವೇ ಆಗಿತ್ತು. 1534ರಲ್ಲಿ ನಾರ್ಫಕ್‌ನ ರೈತರು ನಾಯಿಗಳನ್ನು ಬಿಟ್ಟು ನರಿ ಓಡಿಸಿದ್ದು ಪೀಡೆ ಕಳೆಯಲೆಂದೇ. 1566ರ ಕಾನೂನಿನ ಪ್ರಕಾರ ನರಿಯ ತಲೆ ತಂದವನಿಗೆ ಊರಿನ ಚರ್ಚು 12 ಪೆನ್ನಿ ಕೊಡಬೇಕಿತ್ತು. ಆ ಕಾಲಕ್ಕೆ ಶ್ರೀಮಂತರ ಕಣ್ಣಿದ್ದದ್ದು ಜಿಂಕೆಯ ಮೇಲೆ. ನರಿ ಅವರ ಘನತೆಗೆ ತಕ್ಕ ಪ್ರಾಣಿಯೇ ಅಲ್ಲ. ಕಾಡು ಕರಗಿ ಜಿಂಕೆ ಅಪರೂಪವಾದ ಮೇಲೆ, 1753ರಿಂದ ಲೆಸ್ಟರ್‌ಶೈರಿನ ಕ್ವಾರ್ನ್‌ಡನ್ ಹಾಲಿನಲ್ಲಿ ಹ್ಯೂಗೊ ಮೇನೆಲ್ ಎಂಬ ಜಮೀನುದಾರ ವೇಗ, ದಮ್ಮು, ಮೂಗು ಮೂರೂ ಇರುವ ನಾಯಿತಳಿಯನ್ನು ಬೆಳೆಸಿದ. ನರಿ ಹೀಗೆ ರಾತ್ರೋರಾತ್ರಿ ಗೌರವಾನ್ವಿತ ಶತ್ರುವಾಯಿತು. ಅಲ್ಲಿಂದ ಮುಂದಿನ ದಾಖಲೆಗಳನ್ನು ನೋಡಿದರೆ ಪೀಡೆ ನಿವಾರಣೆಯ ಕಥೆ ತಲೆಕೆಳಗಾಗುತ್ತದೆ. ನರಿ ಅಡಗಿ ಮರಿ ಹಾಕಲೆಂದೇ ಗಿಡಗಂಟಿಗಳ ತೋಪು ನೆಟ್ಟರು. ಇಟ್ಟಿಗೆ, ಕೊಳವೆ ಇಟ್ಟು ಬಿಲ ಕಟ್ಟಿಕೊಟ್ಟರು. 19ನೇ ಶತಮಾನದಲ್ಲಿ ನರಿ ಸಾಲದೆ ಬಂದಾಗ ಯೂರೋಪಿನಿಂದ ಹಡಗಿನಲ್ಲಿ ತರಿಸಿ ಲಂಡನ್ನಿನ ಲೆಡನ್‌ಹಾಲ್ ಮಾರುಕಟ್ಟೆಯಲ್ಲಿ ಕೊಂಡುಕೊಂಡರು. ಬೇಟೆಕೂಟದ ಸೀಮೆಯೊಳಗೆ ರೈತನೊಬ್ಬ ತನ್ನ ಕೋಳಿ ಉಳಿಸಿಕೊಳ್ಳಲು ನರಿಗೆ ಗುಂಡು ಹೊಡೆದರೆ ಅವನಿಗೆ ನೆರೆಹೊರೆಯಲ್ಲಿ ಮುಖ ಎತ್ತಿ ನಡೆಯಲಾಗುತ್ತಿರಲಿಲ್ಲ. ಹೆಗ್ಗಣದ ಕಾಟ ಕಳೆಯಲು ಹೆಗ್ಗಣ ಆಮದು ಮಾಡಿಕೊಂಡ ಪುರಸಭೆಯನ್ನು ನಾವಂತೂ ಕಂಡಿಲ್ಲ.

ಚಿಂದಿ: ಮಾಲೀಕರ ಉಪ್ಪು ತಿಂದವನು ನಾನು, ಅವರ ಪರವಾಗಿ ಎರಡು ಮಾತು ಹೇಳಲೇಬೇಕು. ಅದೆಲ್ಲ ಅಜ್ಜಂದಿರ ಕಾಲದ್ದು. ಇಂದಿನ ಕುರಿಗಾಹಿಗೆ ಮರಿ ಹಾಕುವ ಋತುವಿನಲ್ಲಿ ನರಿಯ ಭಯ ಇದ್ದೇ ಇದೆ. ನಿಷೇಧಕ್ಕೆ ಮುಂಚೆ ಸುಮಾರು 200 ನೋಂದಾಯಿತ ಹಿಂಡುಗಳಿದ್ದವು, ವರ್ಷಕ್ಕೆ ಇಪ್ಪತ್ತು ಸಾವಿರ ಮೀರಿ ನರಿ ಕೊಲ್ಲುತ್ತಿದ್ದವು. ಅದು ಸಣ್ಣ ಸೇವೆಯೇ?

ಪ್ರಶ್ನೆ: ಸೇವೆ ಎಷ್ಟು ಸಣ್ಣದೆಂದು ತಿಳಿಯಲು ಒಂದು ಅಪೂರ್ವ ಅವಕಾಶ ತಾನಾಗಿ ಒದಗಿತ್ತು. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನ ದನಕುರಿಗಳಿಗೆ ಕಾಲುಬಾಯಿ ರೋಗ ಹರಡಿದಾಗ ಸೋಂಕು ಹಬ್ಬದಿರಲೆಂದು ಬೇಟೆಯನ್ನು ದೇಶದುದ್ದಕ್ಕೂ ನಿಲ್ಲಿಸಲಾಯಿತು. ಹೆಚ್ಚುಕಡಿಮೆ ಹತ್ತು ತಿಂಗಳು ಒಂದು ನಾಯಿಯೂ ನರಿಯ ಹಿಂದೆ ಓಡಲಿಲ್ಲ. ಬೇಟೆಗಾರರ ಲೆಕ್ಕ ಸರಿಯಿದ್ದರೆ ಮರುವರ್ಷ ಹೊಲಗದ್ದೆಗಳಲ್ಲಿ ನರಿ ತುಂಬಿ ತುಳುಕಬೇಕಿತ್ತು. ವಿಜ್ಞಾನಿಗಳು ಚದರ ಕಿಲೋಮೀಟರಿನ 160 ತುಣುಕುಗಳಲ್ಲಿ ನರಿಯ ಹಿಕ್ಕೆ ಎಣಿಸಿ, ಬೇಟೆ ನಿಲ್ಲುವ ಮುನ್ನಿನ ಮತ್ತು ನಂತರದ ಲೆಕ್ಕ ಹೋಲಿಸಿ, 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ನರಿಗಳ ಸಂಖ್ಯೆಯಲ್ಲಿ ಗುರುತಿಸುವಂಥ ಏರಿಕೆಯೇ ಇರಲಿಲ್ಲ. ಕಾರಣವೂ ಗೂಢವಲ್ಲ. ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮರಿಗಳು ಹುಟ್ಟುವ ದೇಶದಲ್ಲಿ, ರಸ್ತೆ, ಬಂದೂಕು, ಉರುಲು, ಹಸಿವು ಇಷ್ಟೂ ಸೇರಿ ಸಂಖ್ಯೆಯನ್ನು ಹಿಡಿದಿಡುತ್ತವೆ. ನಾಯಿಹಿಂಡಿನ ಪಾಲು ಅದರಲ್ಲಿ ಸಾಸಿವೆಯಷ್ಟು. 2005ರ ನಂತರವೂ ನರಿಪ್ರಳಯ ಆಗಲಿಲ್ಲ. ಹಕ್ಕಿ ಎಣಿಸಲು ಹೋದ ಸ್ವಯಂಸೇವಕರು ಜೊತೆಗೆ ಬರೆದಿಟ್ಟ ಲೆಕ್ಕದಲ್ಲಿ ನರಿಯ ಸಂಖ್ಯೆ ಇಳಿಯುತ್ತಲೇ ಬಂದಿದೆ. ಅದರ ಕೀರ್ತಿಯನ್ನು ಬೇಟೆಗಾರರಿಗೂ ಕೊಡಲಾಗದು, ಕಾಯ್ದೆಗೂ ಕೊಡಲಾಗದು. ಇನ್ನು ಹೊಂಚುಹಾಕಿ ಬದುಕುವ ಕಲೆಯಲ್ಲಿ ಪಳಗಿದ ನರಿಗಳು ಹಳ್ಳಿ ಬಿಟ್ಟು ಎಂದೋ ಪಟ್ಟಣ ಸೇರಿವೆ. 2011ರಲ್ಲಿ ಲಂಡನ್ನಿನಲ್ಲಿ ಕಟ್ಟುತ್ತಿದ್ದ ಶಾರ್ಡ್ ಗೋಪುರದ 72ನೇ ಮಹಡಿಯಲ್ಲಿ ಕೂಲಿಕಾರರ ತಿಂಡಿಯ ಚೂರು ತಿಂದುಕೊಂಡು ಒಂದು ನರಿ ವಾಸವಾಗಿತ್ತು. ಅಲ್ಲಿಗೆ ಕುದುರೆ ಹತ್ತಿಸುವುದು ಕಷ್ಟ.

ಚಿಂದಿ: ಸರಿ, ಸಂಖ್ಯೆಯ ಮಾತು ಬಿಡೋಣ. ಸಾವಿನ ಮಾತಿಗೆ ಬನ್ನಿ. ನಾಯಿ ಹಿಡಿದರೆ ಕ್ಷಣದಲ್ಲಿ ಮುಗಿಯುತ್ತದೆ. ಗುರಿ ತಪ್ಪಿದ ಗುಂಡು ತಗುಲಿದರೆ ನರಿ ಪೊದೆಯಲ್ಲಿ ಕೊಳೆತು ಸಾಯುತ್ತದೆ ಎನ್ನುತ್ತಾರೆ ನಮ್ಮವರು. ನಾನು ನಾಯಿಯ ಹಲ್ಲಿಗೆ ಸಿಕ್ಕು ಹಲವು ಸಲ ಹರಿದಿದ್ದೇನೆ, ನೋವಾಗಿಲ್ಲ. ಆದರೆ ನಾನು ಬಟ್ಟೆ.

ಪ್ರಶ್ನೆ: ಈ ವಾದವನ್ನು ತಳ್ಳಿಹಾಕುವಂತಿಲ್ಲ, ಅದಕ್ಕೇ ಇಲ್ಲಿ ನಿಂತು ನೋಡಬೇಕು. ಸರ್ಕಾರ ನೇಮಿಸಿದ ಲಾರ್ಡ್ ಬರ್ನ್ಸ್ ಸಮಿತಿ 2000ದಲ್ಲಿ ವರದಿ ಕೊಟ್ಟಾಗ ಎರಡೂ ಕಡೆಯವರಿಗೆ ಅರ್ಧ ಸಂತೋಷವಾಯಿತು. ನಾಯಿಗಳಿಂದ ಅಟ್ಟಿಸಿಕೊಂಡು ಸಾಯುವುದು ನರಿಯ ಯೋಗಕ್ಷೇಮಕ್ಕೆ ಗಂಭೀರ ಧಕ್ಕೆ ಎಂದು ಅದು ಹೇಳಿತು. ಬೇರೆ ವಿಧಾನಗಳಲ್ಲೂ ಯಾವುದೂ ನಿರ್ದೋಷಿಯಲ್ಲ ಎಂದೂ ಹೇಳಿತು. ಹಗಲಲ್ಲಿ ಚರೆಗುಂಡು ಹಾರಿಸುವವರ ಗುರಿಯ ಮೇಲೆ ಸಮಿತಿಗೆ ಅಷ್ಟು ಭರವಸೆ ಇರಲಿಲ್ಲ. ರಾತ್ರಿ ದೀಪ ಹಿಡಿದು, ನುರಿತವನು ರೈಫಲಿನಿಂದ ಹೊಡೆದರೆ ನರಿಗೆ ಆಗುವ ಸಂಕಟ ಕಡಿಮೆ ಎಂಬುದು ಅದರ ಅಭಿಪ್ರಾಯ. ಹಾಗಾದರೆ ಸಾವಿನ ಕರುಣೆಯೇ ಬೇಟೆಗಾರರ ಚಿಂತೆಯಾಗಿದ್ದರೆ ಅವರು ರೈಫಲ್ಲೂ ದೀಪವೂ ಹಿಡಿದು ಒಬ್ಬೊಬ್ಬರಾಗಿ ರಾತ್ರಿಯಲ್ಲಿ ಹೊರಡಬೇಕಿತ್ತು. ಅದಕ್ಕೆ ಕೆಂಪು ಕೋಟು ಬೇಡ, ಪೋರ್ಟ್ ವೈನ್ ಬೇಡ, ನೋಡುವ ಜನವಂತೂ ಬೇಡವೇ ಬೇಡ. ನಾಯಿ ಹಿಡಿದರೆ ಕ್ಷಣದಲ್ಲಿ ಮುಗಿಯುತ್ತದೆ ಎಂಬ ಮಾತಿನಲ್ಲಿ ಇನ್ನೊಂದು ಕೊರತೆಯಿದೆ. ನಾಯಿಗೆ ಸಿಗದೆ ಬಿಲ ಸೇರಿದ ನರಿಯ ಕಥೆ ಅದರಲ್ಲಿ ಬರುವುದಿಲ್ಲ. ಬರ್ನ್ಸ್ ಸಮಿತಿಯ ಲೆಕ್ಕದಲ್ಲಿ, ನೋಂದಾಯಿತ ಹಿಂಡುಗಳು ಕೊಂದ ನರಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಹೀಗೆ ಬಿಲದಿಂದ ಅಗೆದು ತೆಗೆಯಲಾಗಿತ್ತು. ಈ ಕೆಲಸ ಮಾಡುವವರು ಯಾರೆಂದು ನೀವೇ ಹೇಳಿದರೆ ಚೆನ್ನ.

ಚಿಂದಿ: ಟೆರಿಯರ್‌ಮನ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಒಂದೆರಡು ಸಣ್ಣ ಟೆರಿಯರ್ ನಾಯಿ, ಬೆನ್ನ ಹಿಂದೆ ಗುದ್ದಲಿ, ಸಲಿಕೆ. ಮೊದಲೆಲ್ಲ ನರಿ ಬಿಲ ಸೇರಿದರೆ ಇವರು ಟೆರಿಯರನ್ನು ಒಳಗೆ ಬಿಟ್ಟು, ಅದು ಬೊಗಳುವ ಜಾಗ ನೋಡಿ ಮೇಲಿನಿಂದ ಅಗೆಯುತ್ತಿದ್ದರು. ಬೇಟೆಯ ಹಿಂದಿನ ರಾತ್ರಿ ಬಿಲಗಳ ಬಾಯಿ ಮುಚ್ಚಿಬರುವವರೂ ಇದ್ದರು, ನರಿ ವಾಪಸು ಮನೆ ಸೇರದಿರಲೆಂದು.

ಪ್ರಶ್ನೆ: ಈಗಿನ ಮಾತು ಹೇಳಿ. ನಿಷೇಧದ ಮೇಲೆ, ನೀವು ನರಿಯ ಜಾಗಕ್ಕೆ ಬಂದ ಮೇಲೆ, ಅವರಿಗೆ ಏನು ಕೆಲಸ?

ಚಿಂದಿ: ಬೇಲಿ ರಿಪೇರಿ, ಗೇಟು ಹಾಕುವುದು ಎಂದು ಅಧಿಕೃತ ಉತ್ತರ.

ಪ್ರಶ್ನೆ: ನೀವು ಎಂದಾದರೂ ಬಿಲ ಸೇರಿದ್ದುಂಟೇ?

ಚಿಂದಿ: ನನಗೆ ಕಾಲಿಲ್ಲ ಸ್ವಾಮಿ.

ಪ್ರಶ್ನೆ: ಇಡೀ ವ್ಯವಹಾರದ ಗಂಟು ಇರುವುದು ಇಲ್ಲೇ ಎಂದು ನಮಗನಿಸುತ್ತದೆ. ಒಬ್ಬ ಬೇಟೆಗಾರನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಕಾಯ್ದೆ ಕೇಳುವುದು ಉದ್ದೇಶವನ್ನು. ನಾವು ಚಿಂದಿಯ ಜಾಡು ಹಾಕಿದ್ದೆವು, ನಾಯಿಗಳಿಗೆ ಅಕಸ್ಮಾತ್ತಾಗಿ ಜೀವಂತ ನರಿಯ ವಾಸನೆ ಸಿಕ್ಕಿತು, ಎಷ್ಟು ಕರೆದರೂ ನಿಲ್ಲಲಿಲ್ಲ ಎಂದು ಅವನು ಹೇಳಿದರೆ ಸುಳ್ಳೆನ್ನಲು ವಿಡಿಯೊ ಬೇಕು, ಸಾಕ್ಷಿ ಬೇಕು. 2020ರಲ್ಲಿ ಬೇಟೆ ಸಂಘಟನೆಯವರ ಆನ್‌ಲೈನ್ ತರಬೇತಿಯ ರೆಕಾರ್ಡಿಂಗ್ ಹೊರಬಿದ್ದಾಗಲೂ ಇದೇ ಆಯಿತು. ಪದಾಧಿಕಾರಿಯೊಬ್ಬರು ಕಾನೂನು ತಪ್ಪಿಸುವುದನ್ನು ಹೇಳಿಕೊಟ್ಟರೆಂದು 2021ರಲ್ಲಿ ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿತು, 2022ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಕಾನೂನಿನ ದೃಷ್ಟಿಯಲ್ಲಿ ಅವರು ನಿರಪರಾಧಿ, ಆ ಬಗ್ಗೆ ತಕರಾರಿಲ್ಲ. ಆದರೆ ಒಂದು ಆಟವನ್ನು ಅರ್ಥಮಾಡಿಕೊಳ್ಳಲು ಆಟಗಾರರ ಮನಸ್ಸಿಗೆ ಇಣುಕಬೇಕಾಗಿಲ್ಲ. ಅವರು ಜೊತೆಗೆ ಏನೇನು ಹೊತ್ತು ಹೊರಡುತ್ತಾರೆಂದು ನೋಡಿದರೆ ಸಾಕು. ಬಟ್ಟೆಯನ್ನು ಅಟ್ಟುವವರಿಗೆ ಬಿಲ ಅಗೆಯುವ ಗುದ್ದಲಿ ಏಕೆ? ಬೇಲಿ ಕಟ್ಟಲು ಬಂದವನ ಪೆಟ್ಟಿಗೆಯಲ್ಲಿ ನಾಯಿ ಏಕೆ? ಇದಕ್ಕೂ ಮಿಗಿಲಾದ ಪ್ರಶ್ನೆ ನಿಮ್ಮ ಮೈಯ ವಾಸನೆಯದು. ಕೃತಕ ಜಾಡಿನ ಓಟ ಇಂಗ್ಲೆಂಡಿಗೆ ಹೊಸದಲ್ಲ. ಡ್ರ್ಯಾಗ್ ಹಂಟಿಂಗ್ ಎಂಬ ಆಟ 19ನೇ ಶತಮಾನದಿಂದ ಇದೆ. ಅದರಲ್ಲಿ ಬಟ್ಟೆಗೆ ಹಚ್ಚುವುದು ಸೋಂಪಿನೆಣ್ಣೆಯಂಥದ್ದನ್ನು. ಜಾಡು ಹಾಕುವುದು ತೆರೆದ ಬಯಲಲ್ಲಿ, ನರಿಯಿರುವ ತೋಪಿನಿಂದ ದೂರ. ಆ ನಾಯಿಗಳಿಗೆ ನರಿಯ ಚಟವೇ ಇರುವುದಿಲ್ಲ, ಅಲ್ಲಿ ಅಕಸ್ಮಾತ್ತುಗಳೂ ಅಪರೂಪ. ನಿಷೇಧ ಬಂದಾಗ ನಿಮ್ಮ ಮಾಲೀಕರ ಮುಂದೆ ಈ ದಾರಿ ತೆರೆದೇ ಇತ್ತು. ಅದನ್ನು ಬಿಟ್ಟು, ನರಿಯ ಮೂತ್ರವನ್ನೇ ತರಿಸಿ, ನರಿ ವಾಸಿಸುವ ತೋಪಿನ ಸುತ್ತಲೇ ಎಳೆದು, ನರಿ ಸಿಕ್ಕಿಬಿಟ್ಟಿತಲ್ಲ ಎಂದು ಬೆರಗಾಗುವುದನ್ನು ಅಕಸ್ಮಾತ್ತು ಎನ್ನುವುದು ಕಷ್ಟ.

ಚಿಂದಿ: ಅದಕ್ಕೂ ಉತ್ತರ ಉರುಹೊಡೆದಿದ್ದೇನೆ. ಈ ಕಾಯ್ದೆ ಒಂದು ದಿನ ರದ್ದಾಗುತ್ತದೆ, ಅಷ್ಟರವರೆಗೆ ನಾಯಿಗಳ ಮೂಗು ನರಿಯ ವಾಸನೆ ಮರೆಯಬಾರದು.

ಪ್ರಶ್ನೆ: ಪ್ರಾಮಾಣಿಕ ಉತ್ತರ. ಕದಿಯುವುದು ಮತ್ತೆ ಕಾನೂನುಬದ್ಧವಾಗುವ ತನಕ ಬೀಗ ತೆಗೆಯುವ ಅಭ್ಯಾಸ ತಪ್ಪಬಾರದು ಎಂದಂತೆ. ಕಾಯ್ದೆಯಲ್ಲಿ ಹುಡುಕಿದ ಇನ್ನೂ ಕೆಲವು ಬಾಗಿಲುಗಳಿವೆಯಲ್ಲ, ಹದ್ದಿನದು ನಿಜವೇ?

ಚಿಂದಿ: ನೂರಕ್ಕೆ ನೂರು. ನಾಯಿಗಳು ಪ್ರಾಣಿಯನ್ನು ಪೊದೆಯಿಂದ ಎಬ್ಬಿಸಿ, ಅದನ್ನು ಹಿಡಿಯುವುದು ಬೇಟೆಹಕ್ಕಿಯಾದರೆ ತಪ್ಪಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಹಾಗಾಗಿ ಕೆಲವು ಬೇಟೆಕೂಟಗಳು ಹದ್ದನ್ನೋ ಗೂಬೆಯನ್ನೋ ಜೊತೆಗೆ ಹೊತ್ತು ಹೊರಟವು. ಬಂದೂಕಿನ ಮುಂದೆ ನರಿ ಎಬ್ಬಿಸುವುದಾದರೆ ಎರಡು ನಾಯಿಗಳಿಗೆ ಮಾತ್ರ ಅವಕಾಶ. ಹಕ್ಕಿಯ ಮುಂದಾದರೆ ನಾಯಿಗಳಿಗೆ ಮಿತಿಯಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂತ ನಿಮ್ಮಲ್ಲಿ ಹೇಳುತ್ತಾರಂತೆ. ಇಲ್ಲಿ ಆ ನೆವಕ್ಕೆ ರೆಕ್ಕೆಯೂ ಇತ್ತು. ನಾನು ಅಗ್ಗ, ಮೇವು ಬೇಡುವುದಿಲ್ಲ, ಅದಕ್ಕೇ ಉಳಿದುಕೊಂಡೆ.

ಪ್ರಶ್ನೆ: ನಿಮ್ಮ ಮಾಲೀಕರ ಅತ್ಯಂತ ಗಟ್ಟಿಯಾದ ವಾದಕ್ಕೆ ಬರೋಣ. ಪಟ್ಟಣದವರಿಗೆ ನರಿಯ ಮೇಲೆ ಪ್ರೀತಿಯಿಲ್ಲ, ಕೆಂಪು ಕೋಟಿನ ಮೇಲೆ ದ್ವೇಷವಿದೆ ಎನ್ನುತ್ತಾರೆ.

ಚಿಂದಿ: ಅದರಲ್ಲಿ ಸುಳ್ಳೇನಿದೆ? ಅದೇ ಕಾಯ್ದೆ ಇಲಿಯನ್ನೂ ಮೊಲವನ್ನೂ ನಾಯಿ ಬಿಟ್ಟು ಹಿಡಿಯಲು ಬಿಡುತ್ತದೆ. ಇಲಿಗೆ ಸಂಕಟ ಇಲ್ಲವೇ? ಮೀನು ಗಾಳದ ತುದಿಯಲ್ಲಿ ಒದ್ದಾಡುವುದಿಲ್ಲವೇ? ಪಾರ್ಲಿಮೆಂಟು ಈ ಒಂದು ವಿಷಯಕ್ಕೆ ಸುಮಾರು 700 ಗಂಟೆ ಖರ್ಚು ಮಾಡಿತು ಎನ್ನುತ್ತಾರೆ. ಬೆಟ್ಟ ಅಗೆದು ನರಿ ಬಿಟ್ಟರು. ಕಾಯ್ದೆ ತಂದ ಪ್ರಧಾನಿ ಟೋನಿ ಬ್ಲೇರೇ 2010ರ ಆತ್ಮಕಥೆಯಲ್ಲಿ ಇದಕ್ಕಾಗಿ ವಿಷಾದಪಟ್ಟಿದ್ದಾರೆ. 2002ರ ಸೆಪ್ಟೆಂಬರಿನಲ್ಲಿ ನಾಲ್ಕು ಲಕ್ಷ ಹಳ್ಳಿಗರು ಲಂಡನ್ನಿನ ಬೀದಿಯಲ್ಲಿ ನಡೆದರು. ಅವರೆಲ್ಲ ಜಮೀನುದಾರರೇ? ಲಾಳ ಕಟ್ಟುವವರು, ಕುದುರೆ ಲಾಯದವರು, ನಾಯಿ ಸಾಕುವವರು. ಬೇಟೆಯನ್ನು ಆತುಕೊಂಡು ಆರರಿಂದ ಎಂಟು ಸಾವಿರ ಉದ್ಯೋಗಗಳಿವೆ ಎಂದು ನಿಮ್ಮ ಬರ್ನ್ಸ್ ಸಾಹೇಬರೇ ಬರೆದಿದ್ದಾರೆ.

ಪ್ರಶ್ನೆ: ಇದರಲ್ಲಿ ಒಪ್ಪಬೇಕಾದದ್ದು ಬಹಳವಿದೆ. ಕೋಟಿನ ಬಣ್ಣ ಬೇರೆಯಾಗಿದ್ದರೆ ಕಾಯ್ದೆ ಇಷ್ಟು ಬಿರುಸಾಗಿ ಬರುತ್ತಿರಲಿಲ್ಲ, ನಿಜ. ಬೇಟೆಗೆಂದು ನೆಟ್ಟ ತೋಪುಗಳು, ಉಳಿಸಿಕೊಂಡ ಜೀವಂತ ಬೇಲಿಗಳು ಹಕ್ಕಿ ಚಿಟ್ಟೆಗಳಿಗೆ ನೆಲೆಯಾದದ್ದೂ ನಿಜ. ಆದರೆ ಬೇರೊಬ್ಬನ ದುರುದ್ದೇಶವನ್ನು ತೋರಿಸಿಕೊಟ್ಟ ಮಾತ್ರಕ್ಕೆ ನಮ್ಮ ಕೆಲಸ ಸರಿಯಾಗುವುದಿಲ್ಲ. ಇಲಿಗೂ ಕರುಣೆ ತೋರಿ ಎಂಬುದು ಕಾಯ್ದೆಯನ್ನು ಹಿಗ್ಗಿಸಲು ಕಾರಣವಾದೀತು, ನರಿಯನ್ನು ಅದರಿಂದ ಹೊರಗಿಡಲು ಅಲ್ಲ. ಇನ್ನು ಉದ್ಯೋಗಗಳು. ಲಾಳ ಕಟ್ಟುವವನಿಗೆ ಬೇಕಾದದ್ದು ಓಡುವ ಕುದುರೆ, ಸಾಯುವ ನರಿಯಲ್ಲ. ಕುದುರೆ ಬೇಲಿ ಹಾರಲು, ನಾಯಿ ಜಾಡು ಹಿಡಿಯಲು, ಹಳ್ಳಿ ಪಬ್ಬಿನ ಮುಂದೆ ಸೇರಲು ನೀವೊಬ್ಬರು ಸಾಕು. ನಿಮ್ಮ ಮಾಲೀಕರು ಬಾಯಲ್ಲಿ ಹೇಳುವುದು ನಿಜವಾಗಿದ್ದರೆ, ಅಂದರೆ ಅವರು ನಿಜಕ್ಕೂ ನಿಮ್ಮನ್ನೇ ಅಟ್ಟುತ್ತಿದ್ದರೆ, ಹಳ್ಳಿಯ ಬದುಕಿಗೆ ನರಿಯ ಸಾವು ಬೇಕಿಲ್ಲವೆಂಬುದನ್ನು ಇಪ್ಪತ್ತು ವರ್ಷದಿಂದ ಅವರೇ ರುಜುವಾತು ಮಾಡಿದಂತಾಯಿತು. ಬೇಟೆಯನ್ನು ಮತ್ತೆ ಬಿಡಿ ಎಂದು ಕೇಳುವುದಾದರೆ, ಚಿಂದಿ ಸಾಲದೆಂದು ಒಪ್ಪಬೇಕಾಗುತ್ತದೆ. ಎರಡೂ ಮಾತನ್ನು ಒಂದೇ ಬಾಯಲ್ಲಿ ಆಡುವಂತಿಲ್ಲ.

ಚಿಂದಿ: ಸಂಪ್ರದಾಯ ಎಂಬ ಮಾತು ಇನ್ನೂ ಬಾಕಿ ಇದೆ.

ಪ್ರಶ್ನೆ: ಆ ಸಂಪ್ರದಾಯ ಎಲ್ಲೆಲ್ಲಿ ಹೋಯಿತೆಂದು ನಮ್ಮ ನೆರೆಯಲ್ಲೇ ನೋಡಬಹುದು. ಬ್ರಿಟಿಷ್ ಅಧಿಕಾರಿಗಳು ಊಟಿಗೆ ಹೌಂಡ್ ನಾಯಿಗಳನ್ನು ತಂದು ಬೇಟೆಕೂಟ ಕಟ್ಟಿದರು. ನೀಲಗಿರಿಯಲ್ಲಿ ಇಂಗ್ಲೆಂಡಿನ ಕೆಂಪುನರಿ ಇಲ್ಲ. ಹಾಗೆಂದು ಅವರು ಸುಮ್ಮನಾಗಲಿಲ್ಲ, ಗುಳ್ಳೆನರಿಯನ್ನು ಅಟ್ಟಿದರು. ಅವರು ಕುದುರೆ ಓಡಿಸಿದ ವೆನ್ಲಾಕ್ ಡೌನ್ಸ್‌ನ ಹುಲ್ಲುಗುಡ್ಡಗಳು ಕನ್ನಡ ಪ್ರೇಕ್ಷಕರಿಗೆ ಹಾಡಿನ ಚಿತ್ರೀಕರಣದಿಂದ ಪರಿಚಿತ. ಅಲ್ಲಿ ಇಂಗ್ಲೆಂಡಿನ ಕುರಿಗಾಹಿಯೂ ಇರಲಿಲ್ಲ, ಅವನ ಕುರಿಮರಿಯೂ ಇರಲಿಲ್ಲ, ಕೊನೆಗೆ ಆ ಪ್ರಾಣಿಯೂ ಇರಲಿಲ್ಲ. ಕೋಟು, ಕಹಳೆ, ನಾಯಿ ಇದ್ದವು. ಏನಾದರೊಂದು ಮುಂದೆ ಓಡಿದರಾಯಿತು ಎಂಬುದು ಅಲ್ಲೇ ತೀರ್ಮಾನವಾಗಿತ್ತು. ಅದಿರಲಿ, 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಜಾಡಿನ ಬೇಟೆಯನ್ನೂ ನಿಷೇಧಿಸುವುದಾಗಿ ಪ್ರಣಾಳಿಕೆಯಲ್ಲಿ ಬರೆಯಿತು. ಅದಕ್ಕೂ ಮುಂಚೆ, 2021ರಲ್ಲಿ, ನಾಡಿನ ಪರಂಪರೆ ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ತನ್ನ ಜಮೀನಿನಲ್ಲಿ ನಿಮ್ಮನ್ನು ಎಳೆಯುವುದನ್ನು ನಿಲ್ಲಿಸಿತು. ಕೆಲಸ ಹೋಗುವ ಭಯವಿಲ್ಲವೇ?

ಚಿಂದಿ: ಯಾವ ಕೆಲಸ? ಜಾಡು ಹಾಕಿದೆವೆಂದು ಹೇಳಿದ ಎಷ್ಟೋ ದಿನ ನಾನು ನೆಲ ಮುಟ್ಟಿದ್ದೇ ಇಲ್ಲ. ಕ್ಯಾಮೆರಾ ಹಿಡಿದವರು ಕಂಡರೆ ಒಬ್ಬ ಸವಾರ ನನ್ನನ್ನು ಎತ್ತಿ ತೋರಿಸುತ್ತಾನೆ, ಅವರು ಹೋದ ಮೇಲೆ ಚೀಲಕ್ಕೆ ತುರುಕುತ್ತಾನೆ. ನನ್ನದು ಓಡುವ ಕೆಲಸವಲ್ಲ, ಕಾಣಿಸಿಕೊಳ್ಳುವ ಕೆಲಸ. ನಿಷೇಧವಾದರೆ ನಷ್ಟ ಯಾರಿಗೆಂದು ನೀವೇ ಲೆಕ್ಕ ಹಾಕಿ. ನನಗೊಂದು ಆಸೆ ಮಾತ್ರ ಇದೆ, ನಿಮ್ಮ ಪತ್ರಿಕೆಯಲ್ಲಿ ಹಾಕುವುದಾದರೆ ಹಾಕಿ. ಒಂದೇ ಒಂದು ಶನಿವಾರ ನನ್ನನ್ನು ಚೆನ್ನಾಗಿ ಒಗೆದು, ಸೋಂಪಿನೆಣ್ಣೆ ಹಚ್ಚಿ, ತೋಪುಗಳಿಂದ ದೂರದ ಬಯಲಲ್ಲಿ ಎಳೆಯಲಿ. ಗುದ್ದಲಿಯವರು ಮನೆಯಲ್ಲಿ ಉಳಿಯಲಿ. ಪೋರ್ಟ್ ವೈನ್ ಇರಲಿ, ಕೋಟು ಇರಲಿ, ಕಹಳೆ ಇರಲಿ, ಹಾರಲು ಬೇಲಿ ಎಷ್ಟು ಬೇಕೋ ಅಷ್ಟು ಇರಲಿ. ಅಂದು ಪಬ್ಬಿನ ಮುಂದೆ ಎಷ್ಟು ಕುದುರೆ ಬಂದವು ಎಂದು ಬರೆದುಕೊಳ್ಳಿ. ಜೋಡಿ ಲೆಕ್ಕ ಬೇಡ, ಒಂದೊಂದಾಗಿಯೇ ಎಣಿಸಿ.